ಎಡಗಡೆಯ ಮೋಡ

ಏಪ್ರಿಲ್ 30
ಬೆಟ್ಟದ ಬುಡದ ತಂಗುಮನೆ

ಅಕ್ಕಾ,

ಹತ್ತಿಬಿಟ್ಟೆ! ಇಷ್ಟು ಓದಿದ ಕೂಡಲೇ ಭಾವನಿಗೆ ಕೂಗಿ ಹೇಳು, ಮುಂದಿನದನ್ನು ಆಮೇಲೆ ಓದು.

ಇದುವರೆಗೆ ಯಾವ ಗಂಡಸೂ ಯಾವ ಹೆಂಗಸೂ ಕಾಲಿಡದ ತುದಿಯ ಮೇಲೆ ನಿಮ್ಮ ಮನೆಯ ಮೇಕೆ ನಿಂತಿದ್ದಳು. ನಿಂತಿದ್ದಳು ಅನ್ನುವುದು ಬಡಾಯಿ. ಆ ಗಾಳಿಯಲ್ಲಿ ನಿಲ್ಲಲು ಆಗಲೇ ಇಲ್ಲ, ಮಂಡಿಯೂರಿ ಕೂತಿದ್ದೆ. ಕೊನೆಯ ಏರು ನಾನೊಬ್ಬಳೇ ಹತ್ತಿದ್ದು. ನನ್ನ ಹಗ್ಗದ ಇನ್ನೊಂದು ತುದಿ ಹಿಡಿಯುವ ಗಡ್ಡಪ್ಪ ಸ್ವಲ್ಪ ಕೆಳಗೆ ಬಂಡೆಯ ಮರೆಯಲ್ಲಿ ಉಳಿದ. ಹಿಮದ ಬೆಳಕಿಗೆ ಅವನ ಕಣ್ಣು ಉರಿದು ಏನೂ ಕಾಣುತ್ತಿರಲಿಲ್ಲ. "ನೀವು ಹೋಗ್ಬನ್ನಿ, ನಾನು ಹಗ್ಗ ಹಿಡ್ಕೊಂಡು ಇಲ್ಲೇ ಕೂತಿರ್ತೀನಿ. ಕುರುಡನ ಕೈಯಲ್ಲಿ ಹಗ್ಗ ಕೊಟ್ಟಿದ್ದೀನಿ ಅಂತ ಮಾತ್ರ ಯೋಚನೆ ಮಾಡ್ಬೇಡಿ" ಅಂದ. ಆ ಗಾಳಿಯಲ್ಲೂ ನಗು ಬಂತು.

ಪರ್ವತಾರೋಹಿಗಳ ಸಂಘದವರು ನನಗೆ ಕ್ಯಾಮೆರಾ ಕೊಡಲಿಲ್ಲವಲ್ಲ, ಸದಸ್ಯರಿಗೆ ಮಾತ್ರ, ಹೆಂಗಸರು ಸದಸ್ಯರಾಗುವ ಹಾಗಿಲ್ಲ ಅಂತ. ಹಾಗಾಗಿ ತುದಿಯಿಂದ ಸುತ್ತ ಕಂಡದ್ದರ ಚಿತ್ರವನ್ನು ಅಲ್ಲೇ ಕೂತು ಬರೆದೆ. ಬಣ್ಣದ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಒಯ್ದಿದ್ದೆ, ಆದರೂ ಕುಂಚದ ತುದಿಯಲ್ಲೇ ನೀರು ಹೆಪ್ಪುಗಟ್ಟಿತು. ಆಮೇಲೆ ಬರೀ ಸೀಸದಕಡ್ಡಿ. ಬಲಗಡೆ ಮತ್ತು ಎದುರು ಚೆನ್ನಾಗಿ ಸಿಕ್ಕಿತು. ಎಡಗಡೆ ಪೂರ್ತಿ ಮೋಡ. ಎಷ್ಟು ಕಾದರೂ ಸರಿಯಲಿಲ್ಲ, ಅದಕ್ಕೇ ಅಲ್ಲಿ ಏನೂ ಬರೆದಿಲ್ಲ.

ಆ ಚಿತ್ರವನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಇವತ್ತೇ ಕೆಳಗೆ ಹೋಗುವ ಉಣ್ಣೆ ವ್ಯಾಪಾರಿಯೊಬ್ಬ ಸಿಕ್ಕಿದ. ನೀನು ಅದನ್ನು ಸಂಘದ ಕಾರ್ಯದರ್ಶಿಗೆ ತಲುಪಿಸು. ಅವರ ರೂಢಿ ನಿನಗೆ ಗೊತ್ತಲ್ಲ, ತುದಿ ಮುಟ್ಟಿದವರು ಅಲ್ಲಿಂದ ಕಾಣುವುದರ ಫೋಟೋ ಇಲ್ಲವೇ ಚಿತ್ರ ಕೊಡಬೇಕು. ಅವರ ಅಳತೆಗಾರ ನಕ್ಷೆಯ ಜೊತೆ ಹೋಲಿಸಿ ಹೌದು ಅಂದರೆ ಮಾತ್ರ ಹತ್ತಿದ್ದು ಹತ್ತಿದ ಹಾಗೆ. ಇಲ್ಲದಿದ್ದರೆ ಊರು ಸುತ್ತಿ ಬಂದ ಹಾಗೆ.

ಹತ್ತಿ ಬಂದರೆ ಸಮಾಧಾನ ಆಗುತ್ತದೆ ಅಂದುಕೊಂಡಿದ್ದೆ. ಇಲ್ಲ ಅಕ್ಕಾ. ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಎಲ್ಲಿಗೆ ಅಂತ ಗೊತ್ತಾಗುವುದಿಲ್ಲ. ಈ ತಂಗುಮನೆಯ ಅಂಗಳದಲ್ಲಿ ನಡೆದೂ ನಡೆದೂ ನೆಲ ಸವೆಸುತ್ತಿದ್ದೇನೆ ಅಂತ ಅಡುಗೆಯವಳು ಬೈಯುತ್ತಾಳೆ.

ಅಕ್ಷರ ನೋಡಿ ನಗಬೇಡ. ಕೈಗವಸು ಹಾಕಿಕೊಂಡೇ ಬರೆಯುತ್ತಿದ್ದೇನೆ.

ನಿನ್ನ ತಂಗಿ


ಮೇ 16
ಮನೆ

ಮೇಕೇ,

ಕೂಗಿದೆ. ನಿಮ್ಮ ಭಾವ ಯಾರದೋ ಕೈಗಡಿಯಾರದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದರು. ನನ್ನ ಕೂಗಿಗೆ ಬೆಚ್ಚಿ, ಒಂದು ಸ್ಪ್ರಿಂಗು ಹಾರಿ ಎಲ್ಲಿಗೆ ಹೋಯಿತೋ ಇವತ್ತಿನವರೆಗೂ ಸಿಕ್ಕಿಲ್ಲ. "ನಮ್ಮ ನಾದಿನಿ ಬೆಟ್ಟ ಹತ್ತಿದಳು, ನಾನು ಮಂಚದ ಕೆಳಗೆ ಇಳಿದೆ" ಅಂತ ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ನಾನಂತೂ ಪತ್ರ ಎದೆಗೊತ್ತಿಕೊಂಡು ಚೆನ್ನಾಗಿ ಅತ್ತೆ. ಕಾಂಪೌಂಡಿನ ಮೇಲಿಂದ ನಿನ್ನನ್ನು ಕಾಲು ಹಿಡಿದು ಎಳೆದಿಳಿಸುತ್ತಿದ್ದವಳು ನಾನು. ಇಷ್ಟು ಎತ್ತರಕ್ಕೆ ಹೋದರೆ ಎಲ್ಲಿಂದ ಎಳೆಯಲಿ?

ಕೈಗವಸು ಹಾಕಿದರೆ ಅಕ್ಷರ ಹೀಗಾಗುತ್ತದೆಯೇನೆ? ಕೋಳಿ ಕೆದರಿದ ಹಾಗಿದೆ. ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ನೆಟ್ಟಗೆ ಬರೆಯುವುದು ಕಲಿ.

ಇನ್ನು ಚಿತ್ರದ ವಿಷಯ. ಬಲಗಡೆಯ ಸಾಲು ಎಷ್ಟು ಚೆಂದ! ಆದರೆ ಗೆರೆ ಅಲ್ಲಲ್ಲಿ ನಡುಗಿದೆ. ಅವಸರಕ್ಕೆ ಹುಟ್ಟಿದವಳು ನೀನು. ನಮ್ಮ ಫೋಟೋ ಸ್ಟುಡಿಯೋಗೆ ಒಯ್ದು ಕಿಟಕಿ ಪಕ್ಕದ ನನ್ನ ಇಳಿಜಾರು ಮೇಜಿನ ಮೇಲಿಟ್ಟು, ಮಸೂರ ಹಿಡಿದು, ನಡುಗಿದ ಕಡೆಯೆಲ್ಲ ಗಟ್ಟಿ ಮಾಡಿದೆ. ಎಡಗಡೆ ಮಾತ್ರ ಅರ್ಧ ಹಾಳೆ ಬೋಳು. ದೊಡ್ಡವರ ಮುಂದೆ ಅರ್ಧ ಬರೆದ ಚಿತ್ರ ಇಟ್ಟರೆ ನಮ್ಮ ಮನೆಯ ಮಾನ ಏನಾಗಬೇಕು? ಫೋಟೋ ತೆಗೆಯುವಾಗ ಕಣ್ಣು ಮುಚ್ಚಿದವರಿಗೆಲ್ಲ ಕಣ್ಣು ಬರೆದು ಕೊಡುವವಳು ನಾನು. ಹೋದ ವಾರ ಒಬ್ಬ ಮದುಮಗನಿಗೆ ಎರಡು ಹಲ್ಲು ಕೊಟ್ಟೆ, ಅವನ ತೀರಿಹೋದ ತಂದೆಯನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿದೆ. ಮೋಡ ಮುಚ್ಚಿದ ಬೆಟ್ಟವನ್ನು ಬಿಡುತ್ತೇನೆಯೇ? ಹೋದ ಸಲ ಕೆಳಗಿನ ಬಿಡಾರದಿಂದ ಬರೆದು ಕಳಿಸಿದ್ದೆಯಲ್ಲ, ಮೊಂಡುಮೂಗಿನ ಬೆಟ್ಟ, ಅದು ನಮ್ಮ ಗೋಡೆಯ ಮೇಲೇ ಇದೆ. ಅದನ್ನೇ ನೋಡಿಕೊಂಡು ಎಡಗಡೆ ಅಚ್ಚುಕಟ್ಟಾಗಿ ಕೂರಿಸಿದೆ. ನೀನೇ ಬರೆದೆ ಅನ್ನುವಷ್ಟು ಹೊಂದಿಕೊಂಡಿದೆ. ನಮ್ಮ ಸ್ಟುಡಿಯೋ ಮಾಲೀಕರು ಚೌಕಟ್ಟು ಹಾಕಿಸಿದರು, ಭಾವ ಹೊತ್ತುಕೊಂಡು ಹೋಗಿ ಸಂಘಕ್ಕೆ ಕೊಟ್ಟು ಬಂದರು.

ಆ ಕಾರ್ಯದರ್ಶಿಗೆ ಎಂಥ ಉದ್ದ ಕತ್ತಂತೆ! ನಾನು ಅವರಿಗೆ ಕೊಕ್ಕರೆ ಅಂತ ಹೆಸರಿಟ್ಟಿದ್ದೇನೆ. ಅವರೇ ಆ ಬೆಟ್ಟದ ಬುಡದಿಂದ ಎರಡು ಸಲ ವಾಪಸು ಬಂದವರಂತೆ. "ಬೆಟ್ಟದ್ದೇ ತಪ್ಪು, ಹಿಮ ಸರಿಯಿರಲಿಲ್ಲ" ಅಂತ ಭಾವನಿಗೆ ಹೇಳಿದರಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಸಾಕು, ಮನೆಗೆ ಬಾ. ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ.

ಅಕ್ಕ


ಜೂನ್ 2
ತಂಗುಮನೆ

ಅಕ್ಕಾ,

ನಿನ್ನ ಪತ್ರ ಬಂತು. ಎಲ್ಲರೂ ಚೆನ್ನಾಗಿದ್ದೀರಿ ಅಂತ ತಿಳಿದು ಸಂತೋಷ. ಚಿತ್ರ ಸಂಘಕ್ಕೆ ತಲುಪಿತಲ್ಲ, ಅಷ್ಟು ಸಾಕು. ಕೊಕ್ಕರೆ ಏನಂದರು? ಅಳತೆಗಾರ ನೋಡಿದನೇ? ಈಗಲೇ ಹೋಗಿ ಕೇಳು.

ಸದ್ಯಕ್ಕೆ ಬರುವುದಿಲ್ಲ. ಇಲ್ಲಿ ಸ್ವಲ್ಪ ಕೆಲಸ ಇದೆ. ಏನು ಕೆಲಸ ಅಂತ ಕೇಳಬೇಡ. ಬೆಳಗ್ಗೆ ಎದ್ದು ಹಳ್ಳದವರೆಗೆ ಹೋಗುತ್ತೇನೆ, ವಾಪಸು ಬರುತ್ತೇನೆ, ಅಂಚೆಯವನ ದಾರಿ ನೋಡುತ್ತೇನೆ, ಮತ್ತೆ ಹಳ್ಳದವರೆಗೆ ಹೋಗುತ್ತೇನೆ. ಗಡ್ಡಪ್ಪನ ಕಣ್ಣು ಸರಿಹೋಗಿದೆ. "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದ್ರಾ?" ಅಂತ ಕೇಳಿದ. ಹೌದು ಅಂದೆ.

ಹೊಸ ಚಿತ್ರ ಯಾವುದೂ ಇಲ್ಲ. ಮನಸ್ಸಿಲ್ಲ.

ಉದ್ದ ಬರೆಯಲು ಆಗುತ್ತಿಲ್ಲ. ಬೇಸರ ಮಾಡಿಕೊಳ್ಳಬೇಡ. ಸಂಘದವರು ಒಮ್ಮೆ ಹೌದು ಅಂದುಬಿಡಲಿ. ಆಮೇಲೆ ನಾನು ಕೂತು ಊಟ ಮಾಡಬಲ್ಲೆ, ಮಲಗಬಲ್ಲೆ.

ತಂಗಿ


ಜೂನ್ 20
ಮನೆ

ಮೇಕೇ,

ಇಲ್ಲಿ ಎಲ್ಲ ಕ್ಷೇಮ. ಭಾವನ ಅಂಗಡಿಗೆ ಹೊಸ ಗಾಜಿನ ಪೆಟ್ಟಿಗೆ ಬಂದಿದೆ. ಎದುರುಮನೆಯವರ ಮಗಳು ಎರಡನೇ ಸಲ ಫೋಟೋ ತೆಗೆಸಿಕೊಂಡಳು. ಮೊದಲ ಸಲ ನಾನು ಕೆನ್ನೆಗೆ ಹಾಕಿದ ಕೆಂಪು ಜಾಸ್ತಿಯಾಯಿತಂತೆ. "ಜ್ವರ ಬಂದವಳ ಹಾಗೆ ಕಾಣ್ತೀನಿ" ಅಂತ ಜಗಳಕ್ಕೆ ಬಂದಳು. ಮೂಗಿಗಿಂತ ಮೂಗುತಿ ಭಾರ ಆಯಿತು ಅಂತ ನಾನೇ ಒಪ್ಪಿಕೊಂಡೆ.

ಸಂಘದವರು ನನ್ನನ್ನು ಕರೆಸಿದ್ದರು. ಹೋಗಿದ್ದೆ. ಉದ್ದ ಮೇಜು, ಸುತ್ತ ಗಂಡಸರು, ಗೋಡೆ ತುಂಬ ಬೆಟ್ಟಗಳ ಫೋಟೋ. ನಮ್ಮ ಸ್ಟುಡಿಯೋದಲ್ಲೇ ತೊಳೆದವು, ಹಾಗಾಗಿ ನಮ್ಮ ಮಾಲೀಕರೂ ಬಂದು ಕೂತಿದ್ದರು. ಅಳತೆಗಾರ ಅನ್ನುವವರು ಕಡಿಮೆ ಮಾತಿನ ಮನುಷ್ಯ. ಚಿತ್ರದ ಮೇಲೆ ಬಗ್ಗಿ ತುಂಬ ಹೊತ್ತು ನೋಡಿದರು. "ಇದು ನಿಮ್ಮ ತಂಗಿ ಬರೆದಿದ್ದಾ?" ಅಂತ ಕೇಳಿದರು. ಹೌದು ಅಂದೆ. ಇನ್ನೂ ಸ್ವಲ್ಪ ನೋಡಬೇಕಂತೆ. ದೊಡ್ಡ ಜಾಗ, ದೊಡ್ಡ ಜನ, ನಿಧಾನವಾಗುತ್ತದೆ. ನೀನು ಗಾಬರಿಯಾಗಬೇಡ.

ಸುಮ್ಮನೆ ಕೇಳುತ್ತೇನೆ, ತುದಿಯ ಮೇಲೆ ಕೂತರೆ ಆ ಮೊಂಡುಮೂಗಿನ ಬೆಟ್ಟ ಎಡಕ್ಕೇ ತಾನೇ ಇರುತ್ತದೆ? ಬೆಟ್ಟ ಅಂದಮೇಲೆ ಇದ್ದಲ್ಲೇ ಇರುತ್ತದಲ್ಲ.

ನನಗೇಕೋ ಊಟ ಸೇರುತ್ತಿಲ್ಲ. ಸೆಕೆ ಇರಬೇಕು. ಮನೆಗೆ ಬಾ.

ಅಕ್ಕ


ಜುಲೈ 10
ತಂಗುಮನೆ

ಅಕ್ಕಾ,

ಸಂಘದ ಪತ್ರ ನಿನ್ನ ಪತ್ರಕ್ಕಿಂತ ಮೊದಲೇ ಬಂತು.

"ಚಿತ್ರದ ಎಡಭಾಗದಲ್ಲಿ ಕಾಣುವ ಮೊಂಡು ಶಿಖರವು ಆ ದಿಕ್ಕಿಗೆ ಕಾಣುವುದು ಕೆಳಗಿನ ಬಿಡಾರದಿಂದ ಮಾತ್ರ. ತುದಿಯಿಂದ ನೋಡುವವರಿಗೆ ಅದು ಬೆನ್ನ ಹಿಂದೆ ಬರುತ್ತದೆ. ಆದ್ದರಿಂದ ಈ ಚಿತ್ರವನ್ನು ಕೆಳಗಿನ ಬಿಡಾರದಲ್ಲೇ ಕುಳಿತು ಬರೆದಿರುವುದಾಗಿ ಸಮಿತಿಯು ಭಾವಿಸುತ್ತದೆ. ಆರೋಹಣವನ್ನು ದಾಖಲಿಸಲಾಗುವುದಿಲ್ಲ." ಕೊನೆಗೆ ಕೈಬರಹದಲ್ಲಿ ಒಂದು ಸಾಲು: "ನಿಮ್ಮ ಕಲೆಗೆ ಅಭಿನಂದನೆಗಳು."

ಮೊದಲು ಏನೂ ಅರ್ಥವಾಗಲಿಲ್ಲ. ನಾನು ಬರೆಯದ ಬೆಟ್ಟ ನನ್ನ ಚಿತ್ರಕ್ಕೆ ಹೇಗೆ ಬಂತು? ಆಮೇಲೆ ನಿನ್ನ ಮೇ ತಿಂಗಳ ಪತ್ರ ತೆಗೆದು ಓದಿದೆ. ಅವತ್ತು ಬಂದಾಗ ಮೇಲಿನ ನಾಲ್ಕು ಸಾಲು ನೋಡಿ, ಆಮೇಲೆ ಚಿತ್ರ ಸಂಘಕ್ಕೆ ಕೊಟ್ಟ ಸಾಲಿನಿಂದ ಕೊನೆಯವರೆಗೆ ಓದಿ ಮಡಿಸಿ ಇಟ್ಟಿದ್ದೆ. ನಡುವಿನದನ್ನು ಈಗ ಓದಿದೆ.

ಸಂಘಕ್ಕೆ ನಾನೇ ಬರೆದಿದ್ದೇನೆ. ಏನು ಬರೆಯಬೇಕೋ ಅದನ್ನು ಬರೆದಿದ್ದೇನೆ. ನೀನು ಇನ್ನು ಈ ವಿಷಯದಲ್ಲಿ ಎಲ್ಲೂ ಬಾಯಿ ಬಿಡಬೇಡ. ನಿಮ್ಮ ಮಾಲೀಕರ ಮುಂದಂತೂ ಬೇಡವೇ ಬೇಡ.

ತಂಗಿ


ಜುಲೈ 27
ಮನೆ

ತಂಗೀ,

ನಿನ್ನ ಪತ್ರದಲ್ಲಿ ಒಂದೇ ಒಂದು ಬೈಗುಳ ಇದ್ದಿದ್ದರೂ ನಾನು ಉಸಿರಾಡುತ್ತಿದ್ದೆ. ಬಾಯಿ ಬಿಡಬೇಡ ಅಂದೆ. ಅದನ್ನು ಓದಿ ನನಗೆ ತೋಚಿದ್ದು ಇಷ್ಟೇ, ನೀನು ಸಂಘಕ್ಕೆ ನನ್ನ ಹೆಸರು ಬರೆದು ಕಳಿಸಿದ್ದೀಯ, ಇನ್ನು ನನ್ನ ಮುಖ ನೋಡುವುದಿಲ್ಲ. ಬರೆದಿದ್ದರೆ ಸರಿಯಾಗಿಯೇ ಬರೆದಿದ್ದಾಳೆ ಅಂದುಕೊಂಡೆ. ಹಾಗಿದ್ದಮೇಲೆ ನಾನು ಅಡಗಿ ಕೂರುವುದು ಯಾವ ಸಂಪತ್ತಿಗೆ?

ಜೂನ್ ಪತ್ರದಲ್ಲಿ ನಾನು ನಿನಗೆ ಅರ್ಧ ಮಾತ್ರ ಹೇಳಿದ್ದೆ. ಅವತ್ತು ಅಳತೆಗಾರರು ಮೊಂಡುಮೂಗಿನ ಮೇಲೆ ಬೆರಳಿಟ್ಟಾಗಲೇ ನನ್ನ ತಪ್ಪು ನನಗೆ ಗೊತ್ತಾಯಿತು. ಹೇಳಬೇಕು ಅಂತ ಬಾಯಿ ತೆರೆದೆ. ಪಕ್ಕದಲ್ಲಿ ಮಾಲೀಕರು. ನಮ್ಮ ಸ್ಟುಡಿಯೋಗೆ ಕೋರ್ಟಿನ ಕೆಲಸ ಬರುತ್ತದೆ, ಒಡೆದ ಬೀಗ, ಗಾಯದ ಗುರುತು, ಇಂಥವುಗಳ ಫೋಟೋ. ಸಾಕ್ಷಿಗೆ ಹೋಗುವ ಯಾವುದಕ್ಕೂ ನಮ್ಮಲ್ಲಿ ಯಾರೂ ಸೀಸದಕಡ್ಡಿ ತಾಗಿಸಬಾರದು. ತಾಗಿಸಿದವರು ಅವತ್ತೇ ಮನೆಗೆ. ನಿನ್ನ ಚಿತ್ರ ಸಾಕ್ಷಿ ಅಂತ ನನಗೆ ಹೊಳೆಯಲೇ ಇಲ್ಲ ಕಣೇ. ಅದು ನನಗೆ ನಿನ್ನ ಮುಖದ ಹಾಗೆ ಕಂಡಿತು, ಚೆಂದ ಮಾಡಿ ಕಳಿಸಿದೆ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ.

ಹೋದ ಮಂಗಳವಾರ ಸಂಘಕ್ಕೆ ಹೋದೆ. ಎಡಗಡೆ ಬರೆದವಳು ನಾನು, ಗೆರೆ ಗಟ್ಟಿ ಮಾಡಿದವಳು ನಾನು, ತಂಗಿ ಅಲ್ಲಿ ಖಾಲಿ ಬಿಟ್ಟಿದ್ದಳು ಅಂತ ಕಾಗದದ ಮೇಲೆ ಬರೆದು ರುಜು ಹಾಕಿ ಕೊಕ್ಕರೆಯ ಮುಂದಿಟ್ಟೆ. ಅವರು ಓದಿದರು, ಕತ್ತು ಹೊರಳಿಸಿದರು, ಡ್ರಾಯರಿನಿಂದ ನಿನ್ನ ಪತ್ರ ತೆಗೆದು ನನ್ನ ಕಡೆ ತಳ್ಳಿದರು.

"ನೋಡೀಮ್ಮ, ಎಡಭಾಗ ತಾನೇ ಬರೆದೆ, ಡೇರೆಯಲ್ಲಿ ಕೂತು ಕಲ್ಪನೆಯಿಂದ ತುಂಬಿಸಿದೆ, ಬೇರೆ ಯಾರ ಕೈಯೂ ತಾಗಿಲ್ಲ, ತನ್ನ ಹೆಸರು ಬಿಟ್ಟುಬಿಡಿ ಅಂತ ನಿಮ್ಮ ತಂಗೀನೇ ಬರೆದಿದ್ದಾರೆ. ನೀವು ನೋಡಿದ್ರೆ ನಾನೇ ಅಂತೀರಿ. ಅಕ್ಕ ತಂಗಿ ಮೊದ್ಲು ಮನೇಲಿ ಮಾತಾಡ್ಕೊಂಡು ಬನ್ನಿ."

ಮೇಜಿನ ಸುತ್ತ ಇದ್ದವರು ನಕ್ಕರು. ಅಳತೆಗಾರರು ನಗಲಿಲ್ಲ. ನಾನು ನಿನ್ನ ಆ ಕೋಳಿ ಕೆದರಿದ ಅಕ್ಷರ ನೋಡುತ್ತಾ ನಿಂತಿದ್ದೆ. ಯಾಕೆ ಹೀಗೆ ಮಾಡಿದೆ? ಯಾರು ಕೇಳಿದ್ದರು ನಿನ್ನನ್ನು? ಉಸಿರು ಕಟ್ಟಿಕೊಂಡು ಹತ್ತಿದ್ದನ್ನು ಒಂದು ಹಾಳೆಯಲ್ಲಿ ಬಿಟ್ಟುಕೊಡಲು ನಿನಗೇನು ತಲೆ ಕೆಟ್ಟಿದೆಯೇ?

ನನ್ನ ಕೆಲಸ ಹೋಯಿತು. ಸುದ್ದಿ ನನಗಿಂತ ಮೊದಲೇ ಸ್ಟುಡಿಯೋ ತಲುಪಿತ್ತು. ಮಾಲೀಕರು ಕೆಟ್ಟ ಮಾತಾಡಲಿಲ್ಲ. "ನಾಳೆ ಕೋರ್ಟಿನವರು ನಿಮ್ಮ ಸ್ಟುಡಿಯೋದಲ್ಲಿ ಸಾಕ್ಷಿ ತಿದ್ದುತ್ತಾರಂತೆ ಅಂದ್ರೆ ನಾನೇನು ಹೇಳ್ಲಿ?" ಅಂದರು. ನನ್ನ ಮಸೂರ, ನೆಗೆಟಿವ್ ಕೆರೆಯುವ ನನ್ನ ಚಾಕು ತೆಗೆದುಕೊಂಡು ಬಂದೆ. ನೋಡು ಎಂಥ ನ್ಯಾಯ! ಕೆಲಸದಿಂದ ತೆಗೆಯಲು ನನ್ನ ಮಾತು ನಿಜ, ನಿನ್ನ ಹೆಸರು ದಾಖಲಿಸಲು ಮಾತ್ರ ಸುಳ್ಳು.

ನನಗೆ ಉತ್ತರ ಬೇಕು. ನಾಲ್ಕು ಸಾಲಿನ ಉತ್ತರ ಬೇಡ.

ಅಕ್ಕ


ಆಗಸ್ಟ್ 14
ತಂಗುಮನೆ

ಅಕ್ಕಾ,

ಬಾಯಿ ಬಿಡಬೇಡ ಅಂದಿದ್ದೆನಲ್ಲ! ಜೀವನದಲ್ಲಿ ಒಂದು ಸಲ, ಒಂದೇ ಒಂದು ಸಲ, ನಾನು ಹೇಳಿದ್ದನ್ನು ಕೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನಿನ್ನ ಕೆಲಸ ಉಳಿಯಲಿ ಅಂತ ನಾನು ಹೆಸರು ಬಿಟ್ಟೆ, ನನ್ನ ಹೆಸರು ಉಳಿಯಲಿ ಅಂತ ನೀನು ಕೆಲಸ ಬಿಟ್ಟೆ. ಈಗ ಎರಡೂ ಹೋಯಿತು. ಓದಿದವಳೇ ಪತ್ರ ಮುದುಡಿ ಎಸೆದು ಹಳ್ಳದವರೆಗೆ ಓಡಿದೆ. ವಾಪಸು ಬಂದು ಎತ್ತಿಕೊಂಡು ಮತ್ತೆ ಓದಿದೆ. ಈ ಸಲ ಪ್ರತಿ ಸಾಲನ್ನೂ ಓದಿದೆ.

ಉದ್ದದ ಉತ್ತರ ಕೇಳಿದ್ದೀಯ. ಒಂದು ವಾರದಿಂದ ಇದನ್ನು ಬರೆಯುತ್ತಿದ್ದೇನೆ, ದಿನಕ್ಕೆ ಸ್ವಲ್ಪ ಸ್ವಲ್ಪ. ಎಡಗೈಯಲ್ಲಿ.

ಕೈಗವಸು ಅಂದದ್ದು ಸುಳ್ಳು. ಮೊದಲ ಪತ್ರವೂ ಎಡಗೈಯಲ್ಲೇ ಬರೆದದ್ದು. ಬಲಗೈ ಆಗ ಬಟ್ಟೆ ಸುತ್ತಿಕೊಂಡು ಕುಂಬಳಕಾಯಿಯಷ್ಟು ದಪ್ಪಗಿತ್ತು. ತುದಿಯ ಮೇಲೆ ದಪ್ಪ ಗವಸು ಹಾಕಿಕೊಂಡು ಗೆರೆ ಎಳೆಯಲು ಆಗಲಿಲ್ಲ ಅಕ್ಕಾ. ತೆಗೆದೆ. ಸ್ವಲ್ಪ ಹೊತ್ತು ಅಂತಲೇ ತೆಗೆದೆ. ಬಲಗಡೆಯ ಸಾಲು ಮುಗಿಯಿತು, ಎದುರಿನದು ಮುಗಿಯಿತು, ಎಡಗಡೆ ಮೋಡ ಸರಿಯಬಹುದು ಅಂತ ಕಡ್ಡಿ ಹಿಡಿದುಕೊಂಡೇ ಕಾದೆ. ಗೆರೆ ನಡುಗಿದ್ದು ಅವಸರಕ್ಕಲ್ಲ. ಬೆರಳು ನನ್ನದು ಅಂತಲೇ ಅನ್ನಿಸುತ್ತಿರಲಿಲ್ಲ. ಗಡ್ಡಪ್ಪ ಕೆಳಗಿಂದ ಹಗ್ಗ ಜಗ್ಗಿ ಜಗ್ಗಿ ಕರೆದ. ಅವನು ಕರೆಯದಿದ್ದರೆ ಇನ್ನೂ ಕಾಯುತ್ತಿದ್ದೆನೋ ಏನೋ.

ಇಲ್ಲಿನ ವೈದ್ಯರು ತೋರುಬೆರಳು, ನಡುಬೆರಳು ಎರಡನ್ನೂ ಗೆಣ್ಣಿನವರೆಗೆ ತೆಗೆದರು. ಹೆಬ್ಬೆರಳು ಇದೆ, ಆದರೆ ಜೊತೆಗಾರರಿಲ್ಲದೆ ಅದೇನು ಮಾಡೀತು? ನಾನು ಇಲ್ಲಿ ಉಳಿದ ಕೆಲಸ ಇದೇ. ನಿನ್ನ ಮುಂದೆ ಈ ಕೈ ಹೊತ್ತು ನಿಲ್ಲಲು ಧೈರ್ಯ ಬರಲಿಲ್ಲ. ನೀನು ಮುಖದ ಮೇಲಿನ ಸಾಸಿವೆಯಷ್ಟು ಮಚ್ಚೆಯನ್ನೂ ಬಿಡುವವಳಲ್ಲ. ಇದನ್ನು ಹೇಗೆ ತುಂಬಿಸುತ್ತೀಯ?

ಸಂಘದ ಪತ್ರ ಬಂದಾಗ ನಿನ್ನ ಮೇಲೆ ಸಿಟ್ಟು ಬರಲಿಲ್ಲ ಅಂದರೆ ನಂಬಬೇಡ. ಇಡೀ ದಿನ ನಿನ್ನನ್ನು ಬೈದೆ. ಗಡ್ಡಪ್ಪ ಕಿವಿ ಮುಚ್ಚಿಕೊಂಡ. ಆಮೇಲೆ ಯೋಚನೆ ಮಾಡಿದೆ. ನಾನು ಇನ್ನು ಚಿತ್ರ ಬರೆಯುವುದಿಲ್ಲ, ಅದು ಮುಗಿದ ಕತೆ. ನಿಜ ಹೇಳಿದರೆ ನಿನ್ನ ಕೆಲಸವೂ ಹೋಗುತ್ತದೆ. ನಮ್ಮ ಮನೆಯಲ್ಲಿ ಕುಂಚ ಹಿಡಿಯುವ ಒಂದು ಕೈಯಾದರೂ ಉಳಿಯಲಿ ಅನ್ನಿಸಿತು. ಅದಕ್ಕೇ ಹಾಗೆ ಬರೆದೆ. ದೊಡ್ಡ ತ್ಯಾಗ ಅಂತಲ್ಲ. ಬರೆದು ಹಾಕಿದ ಮೇಲೆ ಹೊಟ್ಟೆ ಉರಿದು ಊಟ ಬಿಟ್ಟೆ. ಅದನ್ನೂ ಹೇಳಿಬಿಡುತ್ತೇನೆ.

ಇಲ್ಲಿನ ಜನ ಸೆಪ್ಟೆಂಬರ್ ಹತ್ತಿರ ಬಂತು ಅಂತ ಮೇಲೆ ನೋಡಲು ಶುರುಮಾಡಿದ್ದಾರೆ. ಹೊಸ ಹಿಮ ಬೀಳುವ ಮೊದಲು ಸ್ವಲ್ಪ ದಿನ ಆಕಾಶ ತೆರೆದಿರುತ್ತದಂತೆ. ಗಡ್ಡಪ್ಪ ಹಿಮ ಕಡಿಯುವ ಕೊಡಲಿಗೆ ಸಾಣೆ ಹಿಡಿಯುತ್ತಾ ನನ್ನನ್ನೇ ನೋಡುತ್ತಾನೆ. ಮೊನ್ನೆ ಅವನ ಜೊತೆ ಕೆಳಗಿನ ಬಿಡಾರದವರೆಗೆ ಹೋಗಿ ಬಂದೆ, ಸುಮ್ಮನೆ, ಗಾಳಿಗೆ. ಆದರೆ ಹತ್ತಿ ಏನು ಉಪಯೋಗ? ಬರೆಯಲು ಕೈಯಿಲ್ಲ, ಕ್ಯಾಮೆರಾ ಕೊಡುವವರಿಲ್ಲ. ಮತ್ತೆ ಬರಿಗೈಯಲ್ಲಿ ಇಳಿದು ಬಂದು ನಾನು ಹತ್ತಿದೆ ಅಂದರೆ ನಾಯಿಯೂ ಮೂಸುವುದಿಲ್ಲ.

ಬರುತ್ತೇನೆ ಅಕ್ಕಾ. ಸೋತೆ. ತಿಂಗಳ ಕೊನೆಗೆ ಹೊರಡುತ್ತೇನೆ. ಸ್ಟೇಷನ್ನಿಗೆ ಭಾವನನ್ನು ಮಾತ್ರ ಕಳಿಸು, ನೀನು ಬರಬೇಡ.

ತಂಗಿ


ಆಗಸ್ಟ್ 26
ಮನೆ

ಮೇಕೇ,

ಹೊರಡಬೇಡ. ಇದು ನೀನು ಹೊರಡುವ ಮೊದಲೇ ಸಿಗಲಿ ಅಂತ ಹೆಚ್ಚು ದುಡ್ಡು ಕೊಟ್ಟು ಬೇಗದ ಅಂಚೆಗೆ ಹಾಕುತ್ತಿದ್ದೇನೆ. ಗಂಟು ಕಟ್ಟಿದ್ದರೆ ಬಿಚ್ಚು.

ನಿನ್ನ ಪತ್ರ ಓದಿ ಎರಡು ದಿನ ನಾನು ಮೂಲೆ ಹಿಡಿದು ಕೂತಿದ್ದೆ. ನೀನು ಬೆರಳು ಕೊಟ್ಟು ಎಳೆದ ಗೆರೆಯ ಮೇಲೆ ನಾನು ಕಿಟಕಿ ಪಕ್ಕ ಕೂತು, ಕಾಫಿ ಕುಡಿಯುತ್ತಾ, ಅವಸರದ ಹುಡುಗಿ ಅಂತ ಬೈಯುತ್ತಾ ಕಡ್ಡಿ ಆಡಿಸಿದೆ. ನನ್ನ ಕೈ ಕಡಿದು ಹಾಕಬೇಕು ಅನ್ನಿಸಿತು. ಭಾವ ಬಂದು ಪಕ್ಕದಲ್ಲಿ ಕೂತು, "ಒಬ್ಬಳ ಕೈ ಹೋಗಿದ್ದು ಸಾಲದಾ? ಇನ್ನೊಬ್ಬಳಿಗೂ ನಾನೇ ಅನ್ನ ಕಲಸಿ ತಿನ್ನಿಸಬೇಕಾ?" ಅಂದರು. ಅವರ ಕಣ್ಣಲ್ಲೂ ನೀರಿತ್ತು. ಅಷ್ಟಕ್ಕೇ ಎದ್ದೆ.

ಪತ್ರವನ್ನು ಮತ್ತೆ ಓದಿದೆ. ಕೈ ಹೋಯಿತು ಅಂತ ಬರೆದಿದ್ದೀಯ, ಕಾಲು ಹೋಯಿತು ಅಂತ ಎಲ್ಲೂ ಬರೆದಿಲ್ಲ. ಕೆಳಗಿನ ಬಿಡಾರಕ್ಕೆ ಗಾಳಿಗೆ ಹೋಗಿ ಬಂದಳಂತೆ! ನಾವೆಲ್ಲ ಗಾಳಿಗೆ ಅಂತ ಬೀದಿಯ ಕೊನೆಯವರೆಗೆ ಹೋಗುತ್ತೇವೆ. ನಿನಗೆ ಹತ್ತಬೇಕು. ಹತ್ತಬೇಕು ಅಂತ ಪ್ರತಿ ಸಾಲೂ ಕುಣಿಯುತ್ತಿದೆ. ಇಷ್ಟು ದಿನ ನಾನು ಅದನ್ನೇ ಓದದೆ, ನಿನ್ನ ಹಾಸಿಗೆ ಬಿಸಿಲಿಗೆ ಹಾಕುತ್ತಾ ಕೂತಿದ್ದೆ.

ನಿನ್ನೆ ಸಂಘಕ್ಕೆ ಹೋದೆ. ಕೊಕ್ಕರೆ ನನ್ನನ್ನು ನೋಡಿ ಒಳಗಿನ ಕೋಣೆಗೆ ಜಾರಿದರು. ನಾನು ಅವರ ಕುರ್ಚಿಯ ಎದುರಿಗೇ ಕೂತೆ. ಮಧ್ಯಾಹ್ನ ಆಯಿತು, ಕೂತೇ ಇದ್ದೆ. ಕೊನೆಗೆ ಹೊರಗೆ ಬಂದು, "ಏನಮ್ಮ ಇದು? ಮತ್ತೆ ಹೊಸ ಕತೆನಾ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಮೇಜಿನ ಆ ತುದಿಯಲ್ಲಿ ಕೂತಿದ್ದ ಅಳತೆಗಾರರು ಎದ್ದರು. ಅವರು ಇಷ್ಟು ಮಾತಾಡಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲವೇನೋ.

"ಸ್ವಾಮಿ, ಸುಳ್ಳು ಹೇಳೋರು ಮೊದ್ಲೇ ಮಾತಾಡ್ಕೊಂಡು ಬರ್ತಾರೆ. ಇವರಿಬ್ರೂ ಮಾತಾಡ್ಕೊಂಡಿಲ್ಲ. ಒಬ್ಬರು ಇನ್ನೊಬ್ಬರನ್ನ ಕಾಯೋಕೆ ಹೋಗಿದ್ದಾರೆ, ಅಷ್ಟೇ. ಬಲಗಡೆ ಸಾಲು ನಾನು ಆರು ಸಲ ನಕ್ಷೆ ಜೊತೆ ಹಿಡಿದು ನೋಡಿದೀನಿ. ಕೆಳಗಡೆ ಕೂತು ಅದನ್ನ ಬರೆಯೋಕಾಗಲ್ಲ."

ಎಡಭಾಗ ತಿದ್ದಿದ ಮೇಲೆ ಬಲಭಾಗವನ್ನೂ ನಂಬುವ ಹಾಗಿಲ್ಲ ಅಂತ ಕೊಕ್ಕರೆ ಹಟ ಹಿಡಿದರು. ಅದು ಸರಿಯೇ. ಆಗ ನಾನೇ ಕೇಳಿದೆ, ಚಿತ್ರವೂ ಬೇಡ, ಫೋಟೋನೂ ಬೇಡ, ಅವಳು ತುದಿಯ ಮೇಲಿರುವಾಗ ನೀವೇ ಕೆಳಗೆ ನಿಂತು ನೋಡಿದರೆ ಒಪ್ಪುತ್ತೀರಾ ಅಂತ. ತುದಿಯಲ್ಲಿ ಕನ್ನಡಿ ಹಿಡಿದು ಬಿಸಿಲು ತಿರುಗಿಸಿದರೆ ಕೆಳಗಿನ ಬಿಡಾರಕ್ಕೆ ಮಿಂಚು ಕಾಣುತ್ತದೆ, ದುರ್ಬೀನು ಇದ್ದರೆ ಯಾವ ಜಾಗದಿಂದ ಅಂತಲೂ ಹೇಳಬಹುದು ಅಂತ ಅಳತೆಗಾರರು ಸೇರಿಸಿದರು. ಭೂಮಿ ಅಳೆಯುವಾಗ ಅವರು ಹಾಗೇ ಮಾಡುತ್ತಾರಂತೆ. "ಅಲ್ಲೀವರೆಗೆ ಯಾರ್ರೀ ಹೋಗ್ತಾರೆ?" ಅಂದರು ಕೊಕ್ಕರೆ. "ನಾನು ಹೋಗ್ತೀನಿ" ಅಂದರು ಅಳತೆಗಾರರು. ಮೇಜಿನ ಸುತ್ತ ಇದ್ದವರು ಆಗಲಿ ಅಂದರು. ಒಪ್ಪಿಗೆಯನ್ನು ಬರೆಸಿಕೊಂಡೇ ಎದ್ದೆ.

ಕನ್ನಡಿ ಹಿಡಿಯಲು ಎಡಗೈ ಸಾಕು.

ಈಗ ಕೇಳು. ನನಗೆ ಭಯ. ನೀನು ಬಿದ್ದರೆ ನಿನ್ನನ್ನು ಕಳಿಸಿದವಳು ನಾನಾಗುತ್ತೇನೆ. ಬೀದಿಯವರೆಲ್ಲ ಅದನ್ನೇ ಹೇಳುತ್ತಾರೆ, ನಾನೂ ಅದನ್ನೇ ಹೇಳಿಕೊಳ್ಳುತ್ತೇನೆ. ಮೇಲೆ ಹೋದ ಮೇಲೆ ಆಗುವುದಿಲ್ಲ ಅನ್ನಿಸಿದರೆ ತಿರುಗಿಬಿಡು. ಕೊಕ್ಕರೆ ಎರಡು ಸಲ ತಿರುಗಿಲ್ಲವೇ? ಯಾರೂ ಸಾಯಲಿಲ್ಲ. ಆದರೆ ನನಗಾಗಿ ತಿರುಗಬೇಡ. ನಿನ್ನ ಹೆಸರನ್ನು ನನಗಾಗಿ ಒಮ್ಮೆ ಬಿಟ್ಟೆ, ಆ ಭಾರ ನನ್ನ ತಲೆಯ ಮೇಲೆ ಇನ್ನೊಂದು ಸಲ ಹೊರಿಸಬೇಡ. ಮನೆಯಲ್ಲಿ ಸೋತು ಕೂತ ಮೇಕೆಯನ್ನು ದಿನಾ ನೋಡುವುದಕ್ಕಿಂತ ಕೆಳಗೆ ನಿಂತು ನಡುಗುವುದೇ ಮೇಲು.

ಹೌದು, ಕೆಳಗೆ ನಿಂತು. ಅಳತೆಗಾರರ ಜೊತೆ ನಾನೂ ಬರುತ್ತಿದ್ದೇನೆ. ಬೀದಿಯ ಕೊನೆ ದಾಟಿದರೆ ಕಾಲು ನೋಯುತ್ತದೆ ಅನ್ನುವವಳು ಎಲ್ಲಿಗೆ ಹೊರಟಳು ಅಂತ ಭಾವ ನಗಲಿಲ್ಲ. ತಮ್ಮ ದಪ್ಪ ಬೂಟಿಗೆ ಬಟ್ಟೆ ತುರುಕಿ ನನ್ನ ಕಾಲಿಗೆ ಹೊಂದಿಸುತ್ತಿದ್ದಾರೆ. ನಿನ್ನ ಬಲಗೈ ನೋಡಿ ನಾನು ಅಳುತ್ತೇನೆ, ಅದಕ್ಕೆ ಈಗಲೇ ಸಿದ್ಧವಾಗಿರು.

ನೀನು ಮತ್ತು ಗಡ್ಡಪ್ಪ ಏನೇನು ಕಟ್ಟಿಕೊಳ್ಳಬೇಕೋ ಕಟ್ಟಿಕೊಳ್ಳಿ, ಆಕಾಶ ನೋಡುತ್ತಿರಿ. ನಾವು ಬರುವ ಮೊದಲೇ ಆಕಾಶ ತೆರೆದರೂ ನಮಗಾಗಿ ಕಾಯಿರಿ. ಇದೊಂದು ಸಲ ಕಾಯುವುದು ಕಲಿ.

ಇದಕ್ಕೆ ಉತ್ತರ ಬರೆಯಬೇಡ. ನಾಡಿದ್ದು ಬೆಳಗ್ಗೆ ರೈಲು. ನೀನು ಬರೆದರೂ ತೆಗೆದುಕೊಳ್ಳಲು ಇಲ್ಲಿ ನಾನಿರುವುದಿಲ್ಲ.

ಅಕ್ಕ